ಬುಧವಾರದವರು

ಇವತ್ತು ಬೆಳಿಗ್ಗೆ ಕಾಫಿಗೆ ಮೊದಲೇ ನನ್ನ ಬ್ಯಾಂಕು ನನಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತು. ಅದರ ಬೆನ್ನಿಗೇ ವಿಮೆಯವರು, ಕನ್ನಡಕದ ಅಂಗಡಿಯವರು, ಜನ್ಮದಲ್ಲಿ ಒಂದೇ ಸಲ ನಾನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ದಂತವೈದ್ಯರು. ಇಷ್ಟು ಜನರ ಪ್ರೀತಿಗೆ ಪಾತ್ರನಾದವನು ಖುಷಿಪಡಬೇಕು, ನಿಜ. ಆದರೆ ನಿಮ್ಮ ಹತ್ತಿರ ಸಂಕೋಚವೇಕೆ? ನಾನು ಜೂನ್ ಒಂದರಂದು ಹುಟ್ಟಿದವನೇ ಅಲ್ಲ.

ನನ್ನ ತಲೆಮಾರಿನ ಉಡುಪಿ ಕಡೆಯವರನ್ನು ಯಾರನ್ನಾದರೂ ಹಿಡಿದು ಕೇಳಿ ನೋಡಿ, ಅರ್ಧಕ್ಕರ್ಧ ಜೂನ್ ಒಂದರವರು. ಆ ಒಂದು ದಿನ ಇಡೀ ಜಿಲ್ಲೆಯ ತಾಯಂದಿರು ಒಟ್ಟಿಗೆ ಹೆರಿಗೆ ಮುಗಿಸಿಕೊಂಡರೆಂದು ಸರಕಾರ ಇಂದಿಗೂ ನಂಬಿದೆ. ನಡೆದದ್ದು ಇಷ್ಟೇ. ಶಾಲೆ ಶುರುವಾಗುವುದು ಜೂನಿನಲ್ಲಿ. ಸೇರಿಸಲು ಮಗುವಿಗೆ ಐದು ತುಂಬಿರಬೇಕು. ತುಂಬದಿದ್ದರೆ ಹೆಡ್‌ಮಾಸ್ಟ್ರು ತುಂಬಿಸುತ್ತಿದ್ದರು. ನನ್ನನ್ನು ಕರೆದುಕೊಂಡು ಹೋದ ಚಿಕ್ಕಪ್ಪ "ಮಳೆಗಾಲದಲ್ಲಿ ಹುಟ್ಟಿದ್ದು ಮಾಸ್ಟ್ರೇ" ಎಂದರಂತೆ. ಮಾಸ್ಟ್ರು ಜೂನ್ ಒಂದು ಎಂದು ಬರೆದು, ಶಾಯಿ ಒಣಗಲೆಂದು ಉಫ್ ಎಂದು ಊದಿದರಂತೆ. ಹಾಗೆ ಊದಿದ ತಾರೀಕು ಎಸ್ಸೆಸ್ಸೆಲ್ಸಿ, ಎಂಬಿಬಿಎಸ್ ಎಲ್ಲ ದಾಟಿ ಪಾಸ್‌ಪೋರ್ಟಿನವರೆಗೆ ಹಾರಿತು. ಜಾತಕವನ್ನು ಗೆದ್ದಲು ತಿಂದಿತ್ತು. ನಿಜವಾದ ದಿನ ಯಾವುದೆಂದು ಕೇಳುವ ಗರಜು ನನಗೂ ಬೀಳಲಿಲ್ಲ.

ಸಿಕ್ಕಿಬಿದ್ದದ್ದು ಮಲೇಷ್ಯಾದಲ್ಲಿ, ಒಂಬತ್ತು ವರ್ಷದ ಹುಡುಗಿಯೊಬ್ಬಳ ಕೈಯಲ್ಲಿ.

ತೊಂಬತ್ತರ ದಶಕದ ಕೊನೆ. ಸುಮಾತ್ರದ ಕಾಡಿಗೆ ಬಿದ್ದ ಬೆಂಕಿಯ ಹೊಗೆ ತಿಂಗಳುಗಟ್ಟಲೆ ನಮ್ಮ ತಲೆಯ ಮೇಲೆ ಕೂತಿದ್ದ ಕಾಲ. ಮಣಿಪಾಲದಲ್ಲಿ ಪೆಥಾಲಜಿ ಪಾಠ ಮಾಡಿಕೊಂಡಿದ್ದ ನಾನು ಕ್ಲಾಂಗ್ ಬಂದರಿನಿಂದ ಅರ್ಧ ಗಂಟೆ ದೂರದ ಒಂದು ಖಾಸಗಿ ಮೆಡಿಕಲ್ ಕಾಲೇಜಿಗೆ ಬಂದಿದ್ದೆ. ಪಕ್ಕದ ಕೋಣೆಯಲ್ಲಿ ಫಿಸಿಯಾಲಜಿಯವರು. ಘಾನಾ ದೇಶದ ಕುಮಾಸಿ ಊರಿನವರು, ನನ್ನದೇ ವಯಸ್ಸು, ನನಗಿಂತ ಅರ್ಧ ಅಡಿ ಎತ್ತರ. ಕಾಲೇಜಿನ ಕಾಗದದಲ್ಲಿ ಅವರ ಹೆಸರು ಡಾಕ್ಟರ್ ಗ್ರೇಸ್. ಬಾಗಿಲಿಗೆ ಆ ಹೆಸರಿನ ಹಲಗೆ ಬಂದ ದಿನವೇ ಅದರ ಕೆಳಗೆ "ಅಕೋಸುವಾ" ಎಂದು ಬರೆದು ಚೀಟಿ ಅಂಟಿಸಿದರು. ಮೊದಲ ದಿನ ಮಾತಾಡಬೇಕಲ್ಲ ಎಂದು ನಾನು "ಆಫ್ರಿಕಾದಲ್ಲಿ ಸೆಕೆ ಜಾಸ್ತಿಯಾ?" ಎಂದು ಕೇಳಿದೆ. ಬೆವರಿನಿಂದ ತೊಯ್ದು ಹೋಗಿದ್ದ ನನ್ನ ಅಂಗಿಯನ್ನು ನೋಡಿ ಅವರು "ಇಲ್ಲಿಗಿಂತ ಕಡಿಮೆ, ನಿಮಗೆ ಹಿಡಿಸಬಹುದು" ಎಂದರು.

ಅಕೋಸುವಾ ಎಂದರೆ ಭಾನುವಾರ ಹುಟ್ಟಿದವಳು. ಅವರ ಜನರಲ್ಲಿ ಮಗು ಹುಟ್ಟಿದ ವಾರವೇ ಅದರ ಮೊದಲ ಹೆಸರು, ಗಂಡಿಗೊಂದು, ಹೆಣ್ಣಿಗೊಂದು. ಉಳಿದ ಹೆಸರುಗಳೆಲ್ಲ ಆಮೇಲೆ ಬರುವ ಒಡವೆಗಳು. ನಮ್ಮ ಕಚೇರಿಯ ರೊಹಾನಾ ಎಂಬ ಮಲಯ ಹೆಂಗಸು ಪ್ರತಿ ತಿಂಗಳು ಎಲ್ಲರ ಹುಟ್ಟಿದ ತಾರೀಕು ನೋಡಿ ಕೇಕು ತರಿಸುತ್ತಿದ್ದರು. ಅಕೋಸುವಾ ಆ ಪಟ್ಟಿಯನ್ನು ಕಡ ತಂದು, ಡೈರಿಯ ಹಿಂದಿದ್ದ ನೂರು ವರ್ಷದ ಕ್ಯಾಲೆಂಡರಿನಲ್ಲಿ ಹುಡುಕಿ, ನಮ್ಮ ಮಹಡಿಯ ಹದಿನಾರು ಜನಕ್ಕೂ ಅವರವರ ವಾರದ ಹೆಸರಿಟ್ಟರು. ನೋಟಿಸ್ ಬೋರ್ಡಿನಲ್ಲಿ ಏಳು ಕಾಲಂ. ಮೇಲೆ ಘಾನಾದ ನಕಾಶೆ. ಪಕ್ಕದಲ್ಲಿ ಆ ಜನರ ಚರಿತ್ರೆ ವಾರಕ್ಕೊಂದು ಪುಟ.

ಚರಿತ್ರೆಯ ಪುಟ ಓದಿದವರು ಕಡಿಮೆ, ತಮ್ಮ ಹೆಸರು ಹುಡುಕಿದವರು ಎಲ್ಲರೂ. ನಮಾಜಿನ ಶುಕ್ರವಾರವೇ ಸಿಕ್ಕಿದ್ದಕ್ಕೆ ರೊಹಾನಾ ಹಿಗ್ಗಿದರು. ತನ್ನ ವಯಸ್ಸನ್ನು ಕೂದಲ ಬಣ್ಣದ ಕೆಳಗೆ ಬಚ್ಚಿಟ್ಟಿದ್ದ ಪ್ರಿನ್ಸಿಪಾಲರು ಇಸವಿ ಕೊಡದೆ, ಬರೀ ವಾರ ಬರೆದು ಮೊಹರು ಹಾಕಿದ ಲಕೋಟೆಯಲ್ಲಿ ಕಳಿಸಿದರು. ನನ್ನ ಜೂನ್ ಒಂದು ಮಂಗಳವಾರ ಬಿತ್ತು, ನಾನು ಕ್ವಾಬೆನಾ ಆದೆ. ಲ್ಯಾಬಿನ ತಮಿಳು ತಂತ್ರಜ್ಞ ಸೆಲ್ವಂ ಮಾಮಕ್ ಎಂಬ ಅಲ್ಲಿಯ ಚಹಾದಂಗಡಿಯಲ್ಲಿ ಹತ್ತು ಮೇಜಿನಾಚೆಯಿಂದ "ಕ್ವಾಬೆನಾ, ತೇ ತಾರಿಕ್ ಒಂದಾ ಎರಡಾ ಲಾ?" ಎಂದು, ಆ ದೇಶದಲ್ಲಿ ಎಲ್ಲರ ಮಾತಿಗೂ ಅಂಟುವ 'ಲಾ' ಸೇರಿಸಿ ಕೂಗುವುದು ವಾಡಿಕೆಯಾಯಿತು.

ಮಂಗಳವಾರದವರು ಬೆಂಕಿಯಂಥವರಂತೆ. ಇದನ್ನು ಮನೆಗೆ ಬಂದು ಜಂಬದಿಂದ ಹೇಳಿದೆ. ನನ್ನ ಹೆಂಡತಿ ಸುಧಾ ಮೈಸೂರಿನವಳು, ಮಾತಿಗೆ ತಡಮಾಡುವವಳಲ್ಲ. "ಬೆಂಕಿ? ನೀವಾ? ಗ್ಯಾಸ್ ಹಚ್ಚಕ್ಕೇ ಮೂರು ಕಡ್ಡಿ ಬೇಕು ಕಣ್ರೀ ನಿಮಗೆ" ಎಂದಳು.

ಒಂದು ಸಂಜೆ ಬಿಸಿ ಬಾಳೆಹಣ್ಣಿನ ಬಜ್ಜಿ ತಿನ್ನುತ್ತಾ ಅಕೋಸುವಾ ಅವರನ್ನು ಕೇಳಿಯೇಬಿಟ್ಟೆ, ಈ ವಾರದ ಹೆಸರಿಗೆ ಇಷ್ಟು ಹಟ ಯಾಕೆ ಎಂದು.

"ನಮ್ಮ ತೀರದಿಂದ ಜನರನ್ನು ಹಡಗಿಗೆ ತುಂಬಿದರು," ಎಂದರು. "ಊರು, ಮನೆಯವರು, ಮಾತು ಎಲ್ಲ ಕಿತ್ತುಕೊಂಡರು. ಜಮೈಕಾದ ಕಬ್ಬಿನ ತೋಟಗಳ ಹಳೇ ಪಟ್ಟಿ ತೆಗೆದು ನೋಡಿ. ದನಗಳ ಪಕ್ಕದಲ್ಲೇ ಆಳುಗಳನ್ನೂ ಬರೆದಿದ್ದಾರೆ. ಸೋಮವಾರದವನು, ಬುಧವಾರದವನು, ಶುಕ್ರವಾರದವಳು. ಬರೆದವನಿಗೆ ಅದು ವಾರ ಅಂತಲೂ ಗೊತ್ತಿರಲಿಕ್ಕಿಲ್ಲ. ಆಮೇಲೆ ಅದೇ ಹೆಸರುಗಳನ್ನ ಬೈಗುಳ ಮಾಡಿಕೊಂಡರು. ಆದರೂ ತಾಯಂದಿರು ಬಿಡಲಿಲ್ಲ."

ನಾನು ಬಜ್ಜಿ ಕೆಳಗಿಟ್ಟೆ. ಹಿಂದಿನ ವಾರವಷ್ಟೇ ಬಾಂಗ್ಸಾರ್ ಬಡಾವಣೆಯಲ್ಲಿ ನಮ್ಮ ಕನ್ನಡದ ಗೆಳೆಯರೊಬ್ಬರ ಮನೆಯ ಊಟದಲ್ಲಿ, "ಏನ್ಸಾರ್, ಆಫ್ರಿಕಾದವರ ಜೊತೆ ಭಾರೀ ದೋಸ್ತಿಯಂತೆ, ಇನ್ನೂ ಕಪ್ಪಾಗ್ತೀರಿ ಹುಷಾರು" ಎಂದು ಯಾರೋ ಅಂದಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೆ. ಆ ನಗು ನೆನಪಾಗಿ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅವರ ಮಗಳು ಬುಧವಾರ ಹುಟ್ಟಿದವಳು, ಅಕುವಾ. ಅದು ಅವರ ಅಜ್ಜಿಯ ಹೆಸರೂ ಹೌದು. ಶಾಲೆಯ ಪುಸ್ತಕದಲ್ಲಿ ಆಂಜೆಲಾ. ಮಕ್ಕಳು ಅಕುವಾ ಎಂಬ ಹೆಸರು ಹಿಡಿದು, ಕೂದಲು ಹಿಡಿದು ಗೇಲಿ ಮಾಡಿದ ಮೇಲೆ ಅವಳು, ಇನ್ನು ಮೇಲೆ ನಾನು ಆಂಜೆಲಾ ಮಾತ್ರ ಎಂದು ಸಾರಿಬಿಟ್ಟಿದ್ದಳು. ಅಂಗಡಿಯಲ್ಲಿ ತಾಯಿ ಮೂರು ಸಲ ಅಕುವಾ ಎಂದು ಕರೆದರೂ ತಿರುಗಿ ನೋಡಲಿಲ್ಲವಂತೆ. ಬೋರ್ಡನ್ನು ಹಾಕಿದ್ದೇ ಅವಳಿಗಾಗಿ. ಮಧ್ಯಾಹ್ನ ಶಾಲೆಯ ಬಸ್ಸು ಅವಳನ್ನು ಕಾಲೇಜಿನಲ್ಲಿ ಇಳಿಸುತ್ತಿತ್ತು, ಹೋಂವರ್ಕಿಗೆ ಕೂರುತ್ತಿದ್ದದ್ದು ಆ ಬೋರ್ಡಿನ ಎದುರು. ದೊಡ್ಡವರೆಲ್ಲ ಈ ಹೆಸರನ್ನು ಆಸೆಪಟ್ಟು ಇಟ್ಟುಕೊಳ್ಳುವುದನ್ನು ನೋಡಿ ಮನಸ್ಸು ತಿರುಗೀತು ಎಂದು ತಾಯಿಯ ಲೆಕ್ಕಾಚಾರ. ಆದರೆ ಹದಿನಾರು ಜನರಲ್ಲಿ ಬುಧವಾರದವರು ಒಬ್ಬರೂ ಇರಲಿಲ್ಲ. "ನೋಡು ಮಮ್ಮಿ, ಯಾರಿಗೂ ಬೇಡ" ಎಂದು ಅವಳು ಖಾಲಿ ಕಾಲಂ ತೋರಿಸಿದಳಂತೆ.

"ನನ್ನ ಮಗಳಲ್ಲೇ ನಿಂತುಹೋದರೆ, ಗೋಡೆಗೆ ಅಂಟಿಸಿ ನಾನು ಉಳಿಸಿದ್ದೇನು?" ಎಂದರು ಅಕೋಸುವಾ. ಯಾವಾಗಲೂ ನಗಿಸುವ ಹೆಂಗಸು, ಅವತ್ತು ನಗಲಿಲ್ಲ.

ಮುಂದಿನ ಭಾನುವಾರ ತಾಯಿ ಮಗಳನ್ನು ನಮ್ಮ ಮನೆಗೆ ಊಟಕ್ಕೆ ಕರೆದೆವು. ಸುಧಾ ಬಿಸಿಬೇಳೆಬಾತ್ ಮಾಡಿದ್ದಳು. ಮಾತು ಬೋರ್ಡಿನ ಕಡೆ ತಿರುಗಿತು, ಸುಧಾ ಬಡಿಸುತ್ತಾ ಬಡಿಸುತ್ತಾ ಬಾಯಿ ಬಿಟ್ಟಳು. "ಅಯ್ಯೋ, ಇವರದ್ದು ಜೂನ್ ಒಂದು ಅಲ್ಲವೇ ಅಲ್ಲ. ಅದು ಸ್ಕೂಲ್ ಮೇಷ್ಟ್ರು ಕಟ್ಟಿದ ಕಥೆ."

ಹುಡುಗಿ ಚಮಚ ಎತ್ತಿ ನನ್ನತ್ತ ತೋರಿಸಿದಳು. "ಹಾಗಾದ್ರೆ ಅಂಕಲ್ ಚೀಟಿಂಗ್ ಲಾ. ಇಷ್ಟು ವರ್ಷ ತಪ್ಪು ದಿನ ಇಟ್ಕೊಂಡು ನಿಮಗೇನಾಯ್ತು?"

"ಏನೂ ಆಗಲಿಲ್ಲ," ಎಂದೆ, ಎಂಥ ಗುಂಡಿಗೆ ಬೀಳುತ್ತಿದ್ದೇನೆಂದು ತಿಳಿಯದೆ.

"ಕೇಳಿದ್ಯಾ ಮಮ್ಮಿ? ಏನೂ ಆಗಲ್ಲ. ಆಂಜೆಲಾ ಸಾಕು ನನಗೆ."

ಅಕೋಸುವಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರು ತಿಂಗಳುಗಟ್ಟಲೆ ಕಟ್ಟಿದ್ದನ್ನು ನಾನು ಎರಡು ಪದದಲ್ಲಿ ಕೆಡವಿದ್ದೆ. ಸುಧಾ ನನ್ನ ಮುಖ ನೋಡಿದಳು, ತಪ್ಪು ಅವಳದ್ದೇ ಆದರೂ ಸರಿಮಾಡುವ ಕೆಲಸ ನನ್ನದು ಎಂಬಂತೆ.

"ತಪ್ಪು ದಿನ ಅಲ್ಲ, ನನಗೆ ಗೊತ್ತಿಲ್ಲ ಅಷ್ಟೆ," ಎಂದು ತೇಪೆ ಹಾಕಿದೆ. "ನನ್ನ ಅಮ್ಮನಿಗೆ ಗೊತ್ತು."

"ಹಾಗಾದ್ರೆ ಈಗಲೇ ಫೋನ್ ಮಾಡಿ."

ನಿಜ ಹೇಳುತ್ತೇನೆ, ಬೈಯಬೇಡಿ. ಅಮ್ಮ ಏನೇ ಹೇಳಲಿ, ಬುಧವಾರ ಎಂದೇ ಇಂಗ್ಲಿಷಿಗೆ ಇಳಿಸಿಬಿಡುವುದೆಂದು ಫೋನಿನತ್ತ ಹೋಗುವಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಆದರೆ ಆ ಹುಡುಗಿ ಯಾರ ಮಗಳು? "ಬೇಡ, ನೀವು ನಿಮಗೆ ಬೇಕಾದ್ದು ಹೇಳ್ತೀರಿ. ನಾನೇ ಕೇಳಿಸ್ಕೋತೀನಿ" ಎಂದಳು. ಸುಧಾಳಿಂದ ಏಳು ವಾರದ ಕನ್ನಡ ಹೆಸರುಗಳನ್ನು, ಜೊತೆಗೆ ಕೇಳಬೇಕಾದ ಪ್ರಶ್ನೆಯನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು, ಹತ್ತು ಸಲ ಬಾಯಿಪಾಠ ಮಾಡಿದಳು. ನಮ್ಮ ಮಗನಿಗೆ ಅದರಲ್ಲಿ ಭಾನುವಾರ ಒಂದೇ ಗೊತ್ತಿತ್ತು, ಅದೂ ರಜೆ ಎಂಬ ಕಾರಣಕ್ಕೆ.

ಉಡುಪಿಯ ಲೈನು ಸಿಕ್ಕಿತು. ರಿಸೀವರಿನ ಒಂದು ಕಡೆ ನನ್ನ ಕಿವಿ, ಇನ್ನೊಂದು ಕಡೆ ಅವಳದು.

"ಅಜ್ಜಿ, ಅಂಕಲ್ ಯಾವ ವಾರ?" ಎಂದು ಅವಳೇ ಶುರುಮಾಡಿದಳು.

"ಯಾರು, ಮೊಮ್ಮಗನಾ?" ಅಮ್ಮನ ಸ್ವರ ಅರಳಿತು. "ಕೊನೆಗೂ ಕನ್ನಡ ಬಂತಾ ಇವನಿಗೆ?"

ಮೊಮ್ಮಗನಲ್ಲ, ನನ್ನ ಜೊತೆ ಕೆಲಸ ಮಾಡುವ ಆಫ್ರಿಕಾದ ಡಾಕ್ಟ್ರ ಮಗಳು ಎಂದು ವಿವರಿಸಿ, ಅವಳಿಗೆ ಬೇಕಾದದ್ದು ನಾನು ಹುಟ್ಟಿದ ವಾರ ಎಂದೆ.

"ಆಫ್ರಿಕಾದ ಮಗು ಕನ್ನಡ ಕಲಿಯುವಾಗ ನಮ್ಮದು ಎಂತ ಮಾಡ್ತಾ ಇತ್ತು ಮಾರಾಯಾ?" ಎಂದು ಮೊದಲು ನನಗೊಂದು ಬಿಟ್ಟರು. ಆಮೇಲೆ, "ತಾರೀಕು ಯಾರು ಬೇಕಾದ್ರೂ ಬರೀಬಹುದು, ಮಾಸ್ಟ್ರು ಬರೀಲಿಲ್ವಾ? ವಾರ ಹೆತ್ತವಳಿಗೆ ಗೊತ್ತಿರ್ತದೆ. ನೀನು ಹುಟ್ಟಿದ್ದು ಸಂತೆಯ ದಿನ. ನಿನ್ನ ಅಪ್ಪ ಸಂತೆಗೆ ಹೋದವರು ಇಷ್ಟು ದೊಡ್ಡ ಬೂದುಗುಂಬಳ ಹೊತ್ತುಕೊಂಡು ಬಂದ್ರು. ಬರುವಾಗ ನೀನು ಬಂದಾಗಿತ್ತು. ಕುಂಬಳವೇ ಚಂದ ಇತ್ತು."

ಹುಡುಗಿ ಹಾಳೆಯ ಮೇಲೆ ಬೆರಳಾಡಿಸಿದಳು. ಸಂತೆ ಎಂಬ ವಾರ ಅದರಲ್ಲಿ ಇರಲಿಲ್ಲ. ಸಂತೆ ಯಾವತ್ತೆಂದು ನನಗೆ ನೆನಪಿತ್ತು. ಹೇಳಲು ಬಾಯಿ ತೆರೆದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ ಕೇಳಿದಳು. "ಅಜ್ಜಿ, ಯಾವ ವಾರ?"

"ಸಂತೆ ಬುಧವಾರ ಅಲ್ವಾ ಮಗಾ? ಬುಧವಾರ."

ಬೆರಳು ಹಾಳೆಯ ಮೇಲೆ ನಿಂತಿತು. ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು. ಬುಧವಾರಕ್ಕೆ ಸಿಕ್ಕಿದ್ದು ಇಂಥ ಮನುಷ್ಯನೇ ಎಂದು ಸ್ವಲ್ಪ ಬೇಸರವೂ ಆಗಿರಬೇಕು. ಆಮೇಲೆ ಅಡುಗೆಮನೆಯವರೆಗೆ ಕೇಳುವ ಹಾಗೆ, "ಮಮ್ಮಿ, ಅಂಕಲ್ ನಮ್ಮವರು" ಎಂದಳು. ಅಕೋಸುವಾ ಸೀರೆಯಂತೆ ಹೊದ್ದಿದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡರು. ಫೋನಿನಲ್ಲಿ ಅಮ್ಮ ಇನ್ನೂ "ಆ ಮಗುವಿಗೆ ಊಟ ಆಯ್ತಾ ಕೇಳು" ಎನ್ನುತ್ತಿದ್ದರು.

ಮರುದಿನ ಅವಳು ಸ್ಟೂಲು ಹತ್ತಿ ಮಂಗಳವಾರದಿಂದ ನನ್ನನ್ನು ಹೊಡೆದುಹಾಕಿ, ಬುಧವಾರದ ಕೆಳಗೆ ಕ್ವಾಕು ಎಂದು ಬರೆದಳು. ಅದರ ಕೆಳಗೆ ಅಕುವಾ, ಅಳಿಸಲಾಗದ ಪೆನ್ನಿನಲ್ಲಿ. ಬುಧವಾರದವರಿಗೆ ಜೇಡನ ಕುಯುಕ್ತಿ ಎಂದು ಅವರಲ್ಲಿ ಮಾತಿದೆಯಂತೆ. ಅದಕ್ಕೆ ತಕ್ಕಂತೆ ಅವಳು ತಾಯಿಯ ಜೊತೆ ಒಪ್ಪಂದಕ್ಕೆ ಬಂದಳು: ಶಾಲೆಯಲ್ಲಿ ಬುಧವಾರ ಮಾತ್ರ ಅಕುವಾ, ಉಳಿದ ದಿನ ಆಂಜೆಲಾ. ಎರಡು ತಿಂಗಳಲ್ಲಿ ಗುರುವಾರವೂ ಸೇರಿತು. ವರ್ಷ ಮುಗಿಯುವಾಗ ಆಂಜೆಲಾಳಿಗೆ ಯಾವ ವಾರವೂ ಉಳಿದಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹಟಕ್ಕೆ ತಿರುಗಿ ಹಿಂದಕ್ಕೆ ಹೋಗುತ್ತಿದ್ದಳು.

ಈಗ ಅವಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲಿ ವರ್ಷಕ್ಕೊಂದು ತಿಂಗಳು ಕಪ್ಪು ಜನರ ಚರಿತ್ರೆಯನ್ನು ನೆನೆಯುತ್ತಾರೆ. ವಾರ್ಡಿನ ಗೋಡೆಗೆ ಏಳು ಕಾಲಂ ಅಂಟಿಸುವುದು ಇವಳ ಪಾಲು. ಕಳೆದ ಸಲ ಫೋನ್ ಮಾಡಿ, "ಅಂಕಲ್ ಕ್ವಾಕು, ಇಲ್ಲಿ ಅರ್ಧ ಜನಕ್ಕೆ ತಮ್ಮ ವಾರವೇ ಗೊತ್ತಿಲ್ಲ. ಕಂಪ್ಯೂಟರ್ ನೋಡ್ಬೇಡಿ, ಅಮ್ಮನ್ನ ಕೇಳಿ, ಬೇಗ ಕೇಳಿ ಅಂತೀನಿ" ಎಂದಳು.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ನಾನು ಹುಟ್ಟಿದ ವಾರವನ್ನು ಅವರ ಬಾಯಿಂದಲೇ ಕೇಳಿಸಿಕೊಂಡವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದೇವೆ. ನನಗೆ ಈಗೀಗ ಮರೆವು ಶುರುವಾಗಿದೆ. ಅವಳಿಗೆ ಚೆನ್ನಾಗಿ ನೆನಪಿದೆ.