ಕೆರೆ ಕೋಡಿಯಲ್ಲಿ ನಿಂತುಹೋದ ಹೆದ್ದಾರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹೊಸ್ತಿಲು ದಾಟಿದರೆ ಸಾಕು, ಕಾಲು ನೇರವಾಗಿ ರಾಜ್ಯ ಹೆದ್ದಾರಿಯ ಮೇಲೇ ಬೀಳುತ್ತಿತ್ತು. ವರ್ತೂರಿನಲ್ಲಿ ನಮ್ಮದು ರಸ್ತೆಗೆ ಮುಖ ಮಾಡಿದ ಹಳೆಯ ಹೆಂಚಿನ ಮನೆ. ಹೆದ್ದಾರಿ ಅಂದ ಕೂಡಲೇ, ಮಕ್ಕಳೇ, ನಿಮ್ಮ ಈಗಿನ ಕಂಬಗಳ ಮೇಲಿನ ರಸ್ತೆಯನ್ನು ನೆನೆಸಿಕೊಳ್ಳಬೇಡಿ. ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕಾದ ಬಡಪಾಯಿ ರಸ್ತೆ ಅದು. ಅಂಚಿನಲ್ಲೊಂದು ಹಸಿರು ತಲೆಯ ಮೈಲಿಗಲ್ಲು. ಹಸಿರು ತಲೆ ಇದ್ದರೆ ರಾಜ್ಯ ಹೆದ್ದಾರಿ, ಹಳದಿ ತಲೆ ಇದ್ದರೆ ರಾಷ್ಟ್ರೀಯ ಹೆದ್ದಾರಿ ಎಂದು ಅಪ್ಪ ಹೇಳಿಕೊಟ್ಟಿದ್ದ.

ಆ ರಸ್ತೆಯಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡು ಬರುತ್ತಿತ್ತು, ಕೋಲಾರದ ಕಡೆಯ ಟೊಮ್ಯಾಟೊ ಬರುತ್ತಿತ್ತು, ಆನೇಕಲ್ಲಿನ ಕಡೆಗೆ ಕಬ್ಬಿಣದ ಸರಳು ಹೊತ್ತ ಲಾರಿ ಗಡಗಡ ಎನ್ನುತ್ತ ಹೋಗುತ್ತಿತ್ತು. ರೇಷ್ಮೆಗೂಡಿನ ಗಾಡಿಯನ್ನು ನಾನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ, ಅದರ ವಾಸನೆ ಅಷ್ಟು ಗಾಢ. ಒಂದು ರಾಜ್ಯ ಹೆದ್ದಾರಿ ಇನ್ನೊಂದಕ್ಕೆ ಕೂಡುತ್ತದೆ, ಅದು ಮತ್ತೊಂದಕ್ಕೆ ಕೂಡುತ್ತದೆ, ಹೀಗೇ ಹಿಡಿದುಕೊಂಡು ಹೋದರೆ ನಮ್ಮ ಬಾಗಿಲಿನಿಂದ ಬೀದರ್‌ವರೆಗೂ ಹೋಗಬಹುದು ಎಂದು ಅಕ್ಕ ಭೂಪಟದ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದಳು. ಬೀದರ್‌ವರೆಗೆ ಹೋಗುವ ಆ ರಸ್ತೆ ಒಂದು ದಿನ ನಮ್ಮನ್ನು ಪಕ್ಕದ ಕಾಡುಗೋಡಿಗೆ ಮುಟ್ಟಿಸಲಿಲ್ಲ ನೋಡಿ!

ಅಂದು ಸೋಮವಾರ. ಅಕ್ಕನಿಗೆ ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆ. ಅವಳ ಶಾಲೆಯವರಿಗೆ ಆ ವರ್ಷ ಕಾಡುಗೋಡಿ ಕಡೆ ಸೆಂಟರ್ ಬಿದ್ದಿತ್ತು. ಗಣಿತ ಅಂದರೆ ಅಕ್ಕನಿಗೆ ಪ್ರಾಣ. ರೊಟ್ಟಿ ತಟ್ಟುತ್ತಲೇ ಬಾಯಲ್ಲಿ ಲೆಕ್ಕ ಬಿಡಿಸುವವಳು. ಪಾಸಾಗಿ ಗೆಳತಿಯರ ಜೊತೆ ಜೂನ್‌ನಲ್ಲಿ ಪಾಲಿಟೆಕ್ನಿಕ್ ಸೇರಬೇಕು ಎಂದು ವರ್ಷವಿಡೀ ಅದೇ ಜಪ. ಪರೀಕ್ಷೆ ಒಂಬತ್ತೂವರೆಗೆ. ಎಂಟಕ್ಕೆ ಬಸ್ಸು ಹತ್ತಿದರೆ ಬೇಕಾದಷ್ಟಾಯಿತು ಎಂದು ಅಪ್ಪ ಹೇಳಿದ್ದ.

ಆದರೆ ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಹುಡುಗಿ ಪರೀಕ್ಷೆಗೆ ಹೊರಡುವುದೇ? ನಮ್ಮ ಅಜ್ಜಿ ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದಳು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಿದ್ದರು. ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ, ಹೋಗುವವರ ಒಂದು ಸಾಮಾನನ್ನು ಆ ಗಳಿಗೆಯಲ್ಲಿ ಬೇರೆಯವರ ಮನೆಯಲ್ಲಿಟ್ಟು ಬರುವುದು. ಸಾಮಾನು ಹೊರಟರೆ ಮನುಷ್ಯನೇ ಹೊರಟ ಹಾಗೆ. ಆಮೇಲೆ ರಾಹುವಿನ ಹಂಗಿಲ್ಲದೆ ಹೊರಟು, ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗುವುದು.

ಏಳು ಗಂಟೆಗೇ ಅಜ್ಜಿ ಅಕ್ಕನ ಜಾಮಿಟ್ರಿ ಬಾಕ್ಸಿಗೆ ಅರಿಶಿನದ ಬೊಟ್ಟಿಟ್ಟು, ಎಲೆ ಅಡಿಕೆ ಸೇರಿಸಿ, ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು ರಸ್ತೆ ದಾಟಿದಳು. ಬಾಕ್ಸಿನೊಳಗೆ ಹಾಲ್ ಟಿಕೆಟ್ಟೂ ಇತ್ತು. ಎದುರುಮನೆಯಲ್ಲಿ ಕಂಪನಿಗಳಿಗೆ ಕ್ಯಾಬ್ ಓಡಿಸುವ ಮಾಮ ಇದ್ದ. ರಾತ್ರಿ ಡ್ಯೂಟಿ ಮುಗಿಸಿ ಬಂದು ಹತ್ತರವರೆಗೆ ಗೊರಕೆ ಹೊಡೆಯುವ ಆಸಾಮಿ. ಅವನ ತಾಯಿಯ ಕೈಗೆ ಗಂಟು ಕೊಟ್ಟು ಬಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಜ್ಜಿಯ ಕಣ್ಣು ಬಾಗಿಲಲ್ಲಿ ನಿಂತಿದ್ದ ಕಾರಿನ ಮೇಲೆ ಬಿತ್ತು.

“ಕಾರು ಕಾಡುಗೋಡಿ ಕಡೀಕೇ ಮಕ ಮಾಡ್ಕೊಂಡು ನಿಂತೈತೆ ಕಣವ್ವ. ಇದಕ್ಕಿಂತ ಒಳ್ಳೆ ಜಾಗ ಎಲ್ಲೈತೆ?” ಎಂದಳಂತೆ. ಆ ತಾಯಿಯೂ ಹೂಂ ಎಂದು ಕಾರಿನ ಬಾಗಿಲು ತೆಗೆದುಕೊಟ್ಟಳಂತೆ. ಗಂಟು ಹಿಂದಿನ ಸೀಟಿನ ಮೇಲೆ ಕುಳಿತಿತು. ಅಜ್ಜಿ ನಗುನಗುತ್ತ ಮನೆಗೆ ಬಂದಳು.

ಅಕ್ಕ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಮೊಸರನ್ನ ತಿಂದು, ದೇವರಿಗೆ ಕೈಮುಗಿದು ಎಂಟಕ್ಕೆ ಸರಿಯಾಗಿ ಹೊರಬಂದಳು. ನನಗೆ ಬೇಸಿಗೆ ರಜೆ, ಹಟ ಮಾಡಿ ಜೊತೆಗೆ ಹೊರಟೆ. ರಸ್ತೆಯ ಆಚೆ ನೋಡಿದರೆ ಕಾರೇ ಇಲ್ಲ! ಇನ್ನೊಬ್ಬ ಡ್ರೈವರ್ ಬರಲಿಲ್ಲವೆಂದು ಕಂಪನಿಯವರು ಫೋನು ಮಾಡಿ ಮಾಮನನ್ನು ನಿದ್ದೆಯಿಂದ ಎಬ್ಬಿಸಿ ಕರೆದಿದ್ದರು. ಅವನ ತಾಯಿ ಹಾಲು ತರಲು ಹೋಗಿದ್ದಾಗ ಅವನು ಕಣ್ಣುಜ್ಜಿಕೊಂಡು ಕಾರು ಹತ್ತಿ ಹೋಗಿಬಿಟ್ಟಿದ್ದ. ಹಿಂದಿನ ಸೀಟು ನೋಡಿರಲೇ ಇಲ್ಲ.

ಅಪ್ಪ ಫೋನು ಮಾಡಿದ. ಮಾಮ ಆಗಲೇ ಕೆರೆ ಕೋಡಿಯ ಮೇಲಿನ ಸೇತುವೆ ದಾಟಿದ್ದ. ಒಳ್ಳೆಯ ಮನುಷ್ಯ, ಅದೇ ಕಷ್ಟವಾಯಿತು. “ಅಣ್ಣ, ಟೆನ್ಶನ್ ಮಾಡ್ಕೋಬೇಡಿ. ಅಲ್ಲೇ ನಿಂತಿರಿ, ತಿರುಗಿಸ್ಕೊಂಡು ಬಂದ್ಬಿಟ್ಟೆ,” ಎಂದ.

ನಾವು ನಿಂತೆವು. ಆ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಏನೋ ಆಗಿ ಅಲ್ಲಿನ ಲಾರಿಗಳನ್ನೆಲ್ಲ ನಮ್ಮ ರಸ್ತೆಗೆ ತಿರುಗಿಸಿದ್ದರು ಎಂಬುದು ನಮಗೆ ಗೊತ್ತಿರಲಿಲ್ಲ. ಕೋಡಿಯ ಮೇಲೆ ಒಂದು ಉದ್ದನೆಯ ಟ್ರೈಲರ್ ಅಚ್ಚು ಮುರಿದುಕೊಂಡು ಅಡ್ಡ ನಿಂತಿತ್ತು. ಸ್ವಲ್ಪ ಹೊತ್ತಿನಲ್ಲೇ ನಮ್ಮ ಮನೆಯ ಮುಂದೆ ಗಾಡಿಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಿಂತುಬಿಟ್ಟವು. ಹಾರನ್ನು, ಡೀಸೆಲ್ ಹೊಗೆ, ಬಿಸಿಲಿಗೆ ಕೊಳೆಯುತ್ತಿದ್ದ ಟೊಮ್ಯಾಟೊ ವಾಸನೆ. ನಮ್ಮ ಮೈಲಿಗಲ್ಲಿನ ಪಕ್ಕದಲ್ಲಿ ನಿಂತ ಲಾರಿಯ ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ. ಇನ್ನು ಗಾಡಿಗಳು ಹೊರಡುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು.

ಅಪ್ಪ ಮತ್ತೆ ಫೋನು ಮಾಡಿದ. “ಐದೇ ನಿಮಿಷ ಅಣ್ಣ, ಬಂದ್ಬಿಟ್ಟೆ.” ಇನ್ನೊಮ್ಮೆ ಮಾಡಿದ. “ಬಂದ್ಬಿಟ್ಟೆ ಅಣ್ಣ, ಕೋಡಿ ಹತ್ರಾನೇ ಇದೀನಿ.” ನಮ್ಮ ಬೆಂಗಳೂರಿನವರ ಮಾತು ನಿಮಗೆ ಗೊತ್ತಲ್ಲ, ಇನ್ನೂ ಚಪ್ಪಲಿ ಹುಡುಕುತ್ತಿರುವವನೂ ‘ಬಂದ್ಬಿಟ್ಟೆ’ ಎನ್ನುತ್ತಾನೆ. ಅಕ್ಕ ಅಪ್ಪನ ತೋಳು ಜಗ್ಗಿ, “ನಡ್ಕೊಂಡೇ ಹೋಗೋಣಪ್ಪ. ಟಿಕೆಟ್ ಇಲ್ದಿದ್ರೂ ಹೋಗೋಣ,” ಎಂದಳು. “ಹಾಲ್ ಟಿಕೆಟ್ ಇಲ್ದೆ ಯಾರು ಒಳಗೆ ಬಿಡ್ತಾರೆ ಮಗಳೇ? ನಾವು ಆ ಕಡೆ ಹೋಗಿ, ಅವನು ಬೇರೆ ರಸ್ತೇಲಿ ಈ ಕಡೆ ಬಂದ್ರೆ?” ಎಂದ ಅಪ್ಪ. ಅವನ ಮಾತೂ ಸರಿಯೇ ಇತ್ತು. ಅಜ್ಜಿ ಜಗಲಿಯ ಮೇಲೆ ಕುಳಿತು ಸೆರಗನ್ನು ಹಿಂಡುತ್ತಿದ್ದಳು. ಅಕ್ಕ ಕಂಬಕ್ಕೊರಗಿ ತುಟಿ ಅಲ್ಲಾಡಿಸುತ್ತಿದ್ದಳು, ಸೂತ್ರಗಳನ್ನು ಹೇಳಿಕೊಳ್ಳುತ್ತಿದ್ದಳೋ ದೇವರನ್ನು ಕರೆಯುತ್ತಿದ್ದಳೋ ತಿಳಿಯಲಿಲ್ಲ.

ಒಂಬತ್ತು ದಾಟಿತು. ಅಪ್ಪನಿಗೂ ತಡೆಯಲಾಗಲಿಲ್ಲ, “ನಡೀರಿ” ಎಂದ. ಮೂವರೂ ಲಾರಿಗಳ ಸಂದಿಯಲ್ಲಿ ನುಸುಳುತ್ತ ಓಡಿದೆವು. ಕೋಡಿಯ ಹತ್ತಿರ ಹೋದರೆ, ಅಯ್ಯೋ ಶಿವನೇ! ಹಿಂದಿನ ಸಂಜೆ ಮಳೆ ಬಿದ್ದು ವರ್ತೂರು ಕೆರೆಯ ನೊರೆ ಎದ್ದಿತ್ತು. ಊರಿನ ಕೊಳಕು ನೀರೆಲ್ಲ ಸೇರಿದ ಆ ಕೆರೆಯಿಂದ ಬೆಳ್ಳಗಿನ ನೊರೆ ಗೋಡೆಯಷ್ಟೆತ್ತರ ಎದ್ದು, ಗಾಳಿಗೆ ಹಾರಿ ಬಸ್ಸು, ಲಾರಿ, ಬೈಕುಗಳ ಮೇಲೆಲ್ಲ ಬೀಳುತ್ತಿತ್ತು. ಮೂಗು ಸೀದುಹೋಗುವ ನಾತ. ಅಕ್ಕನ ಇಸ್ತ್ರಿ ಮಾಡಿದ ಯೂನಿಫಾರಂ ಮೇಲೆ ನೊರೆ ಮೆತ್ತಿಕೊಂಡಿತು. ಅವಳು ಒರೆಸಿಕೊಳ್ಳಲೂ ಇಲ್ಲ.

ಮುರಿದ ಟ್ರೈಲರಿನ ಆಚೆ ಕಡೆಯಿಂದ ಮಾಮ ನಡೆದು ಬರುತ್ತಿದ್ದ. ಕಾರನ್ನು ರಸ್ತೆಯ ನಡುವೆಯೇ ಬಿಟ್ಟು ಬಂದಿದ್ದ. ತಲೆಯ ತುಂಬ ನೊರೆ, ಕೈಯಲ್ಲಿ ಹಳದಿ ಗಂಟು. “ತಪ್ಪಾಯ್ತು ಕಣಮ್ಮ, ಗಾಡಿ ಒಂದಿಂಚೂ ಅಲ್ಲಾಡ್ಲಿಲ್ಲ,” ಎನ್ನುತ್ತ ಗಂಟನ್ನು ಮುಂದೆ ಚಾಚಿದ. ಅಕ್ಕ ಗಂಟು ಕಿತ್ತುಕೊಂಡು ಓಡಿದಳು. ಕೋಡಿ ದಾಟಿ ಬಹಳ ದೂರ ಓಡಿದ ಮೇಲೆ ಕೊನೆಗೆ ನಮಗೊಂದು ಆಟೋ ಸಿಕ್ಕಿತು. ಅಪ್ಪ ಒಂದೇ ಸಮನೆ “ಬೇಗ ಅಣ್ಣ, ಬೇಗ” ಎನ್ನುತ್ತಿದ್ದ. ಆಟೋದವನಾದರೂ ಏನು ಮಾಡಿಯಾನು, ಮುಂದೆಯೂ ಗಾಡಿಗಳೇ.

ನಾವು ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಗೇಟಿಗೆ ಬೀಗ. ಒಳಗಿನಿಂದ ಕನ್ನಡಕದ ಮೇಷ್ಟ್ರೊಬ್ಬರು ಬಂದರು. ಅಪ್ಪ ಕೈಮುಗಿದು, ಟಿಕೆಟ್ ಕಾರಿನಲ್ಲಿ ಉಳಿದು ತಡವಾದ ಕಥೆಯನ್ನೆಲ್ಲ ಹೇಳಿದ. ಮೇಷ್ಟ್ರು ಅಕ್ಕನ ಮುಖವನ್ನೇ ನೋಡುತ್ತ, “ಟಿಕೆಟ್ ಇಲ್ದಿದ್ರೂ ಬಂದ್ಬಿಡ್ಬೇಕಿತ್ತಲ್ಲಮ್ಮ. ಒಂದು ಮುಚ್ಚಳಿಕೆ ಬರೆಸ್ಕೊಂಡು ಪರೀಕ್ಷೆಗೆ ಕೂರಿಸ್ತಿದ್ವಿ, ಆಮೇಲೆ ತಂದ್ಕೊಟ್ರೆ ಆಗ್ತಿತ್ತು. ಈಗ ನನ್ನ ಕೈಲೇನೂ ಇಲ್ಲ,” ಎಂದರು.

ಅಪ್ಪನ ಕೈ ಮುಗಿದದ್ದು ಮುಗಿದ ಹಾಗೆಯೇ ಇತ್ತು. ಅಪ್ಪ ಅಳುವುದನ್ನು ನಾನು ಮೊದಲು ನೋಡಿದ್ದು ಆಗಲೇ. ಅಕ್ಕ ಅಳಲಿಲ್ಲ. ಎರಡು ಕೈಯಲ್ಲೂ ಗೇಟಿನ ಸರಳು ಹಿಡಿದುಕೊಂಡು, ಒಳಗೆ ಕಿಟಕಿಯಲ್ಲಿ ಕಾಣುತ್ತಿದ್ದ ಬಗ್ಗಿದ ತಲೆಗಳನ್ನು ನೋಡುತ್ತ ನಿಂತಳು. ಕರೆದರೂ ಬರಲಿಲ್ಲ. ನಾನು ಅವಳ ಲಂಗ ಹಿಡಿದುಕೊಂಡು ನಿಂತೆ, ಇನ್ನೇನು ಮಾಡಬೇಕೋ ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ, “ನಂದೇ ತಪ್ಪು ಕಣವ್ವ,” ಎಂದು ತಲೆ ಚಚ್ಚಿಕೊಂಡಳು. ಅಕ್ಕ ಅವಳ ಕೈ ಹಿಡಿದು, “ನಿಂದಲ್ಲ ಬಿಡಜ್ಜಿ,” ಎಂದಳು. ಹಾಗಾದರೆ ಯಾರದು? ಮಾಮನದೂ ಅಲ್ಲ, ಅಪ್ಪನದೂ ಅಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲು ಆಗಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಮರುಪರೀಕ್ಷೆ ಬರೆದು ಗಣಿತದಲ್ಲಿ ಒಳ್ಳೆಯ ಅಂಕವನ್ನೇ ತಗೊಂಡಳು. ಫಲಿತಾಂಶ ಬರುವಷ್ಟರಲ್ಲಿ ಪಾಲಿಟೆಕ್ನಿಕ್ ಸೀಟುಗಳು ಮುಗಿದಿದ್ದವು. ಒಂದು ವರ್ಷ ಮನೆಯಲ್ಲೇ ಕುಳಿತಳು. ಗೆಳತಿಯರು ಬೆಳಿಗ್ಗೆ ಬಸ್ಸಿಗೆ ಹೋಗುವ ಹೊತ್ತಿಗೆ ಅವಳು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಈಗ ನಿಮ್ಮ ಗಾಡಿಯೇ, ಮುಂದೆ ದಾರಿ ಕಟ್ಟಿಕೊಂಡಿದೆ ಎಂದು ಮೊದಲೇ ಹೇಳಿ, ಬೇರೆ ದಾರಿ ಹಿಡಿಯುತ್ತದೆ. ನಿಮಗೆ ಪರೀಕ್ಷೆ ತಪ್ಪಿದರೆ ಮಾರನೆಯ ವಾರ ಮನೆಯಲ್ಲೇ ಕುಳಿತು ಬರೆಯುತ್ತೀರಿ. ಒಳ್ಳೆಯದೇ ಆಯಿತು, ನಾನೇನೂ ಹೊಟ್ಟೆಕಿಚ್ಚು ಪಡುವುದಿಲ್ಲ. ಆದರೆ ನಿಮ್ಮ ದೊಡ್ಡಜ್ಜಿ ಹತ್ತು ಗಂಟೆಯ ಮದುವೆಗೆ ಏಳಕ್ಕೇ ಹೋಗಿ, ಕುರ್ಚಿ ಹಾಕುವವರಿಗಿಂತ ಮೊದಲು ಛತ್ರದ ಮುಂದೆ ನಿಂತಿರುತ್ತಾಳೆ ಎಂದು ನೀವೆಲ್ಲ ನಗುತ್ತೀರಲ್ಲ. ಅವಳೇ ನನ್ನ ಅಕ್ಕ. ಇಷ್ಟು ವಯಸ್ಸಾದರೂ, ಹೋದ ಕಡೆಯೆಲ್ಲ ಗೇಟು ತೆರೆಯುವುದನ್ನು ಅವಳು ತನ್ನ ಕಣ್ಣಾರೆ ನೋಡಬೇಕು.