ಚಿಕ್ಕಪ್ಪ ಬೆಳೆಸಿದ ಕಾಡು

ನಮ್ಮ ಚಿಕ್ಕಪ್ಪ ಎಡಗೈ ಕಿರುಬೆರಳಿನ ಉಗುರನ್ನು ನೋಡಿದವರಿಗೆ ವಾಕರಿಕೆ ಬರುವಷ್ಟು ಉದ್ದ ಬಿಟ್ಟಿದ್ದ. ಅದರಲ್ಲೇ ಕಿವಿ ಕೆರೆದುಕೊಳ್ಳುವುದು, ಅದರಲ್ಲೇ ಕಂಡವರ ಹೊಲ ತೋರಿಸುವುದು. ಮೊದಲು ದೇವನಹಳ್ಳಿ ಕಡೆ ಸೈಟು ತೋರಿಸುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಭೂಮಿತಾಯಿಯ ಮೇಲೆ ಪ್ರೀತಿ ಉಕ್ಕಿ, ತೂಬಗೆರೆ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಕಾರ್ಬನ್ ಏಜೆಂಟನಾಗಿಬಿಟ್ಟ.

ವ್ಯವಹಾರ ಇಷ್ಟೇ. ಎಲ್ಲೋ ಹೊಗೆ ಬಿಡುವ ಕಾರ್ಖಾನೆಯವರು ಆ ಪಾಪ ಕಳೆದುಕೊಳ್ಳಲು ಒಂದು ಕಂಪನಿಗೆ ದುಡ್ಡು ಕೊಡುತ್ತಾರೆ. ಆ ಕಂಪನಿ ನಮ್ಮ ಹೊಲಗಳಲ್ಲಿ ಗಿಡ ನೆಡಿಸುತ್ತದೆ, ಗಿಡ ಬೆಳೆದಂತೆ ರೈತನಿಗೂ ಪಾಲು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಹೊಸದಾಗಿ ನೆಟ್ಟ ಗಿಡಕ್ಕೆ ಮಾತ್ರ ದುಡ್ಡು, ಮೊದಲೇ ಇದ್ದ ಮರಕ್ಕಿಲ್ಲ. ಇದು ಚಿಕ್ಕಪ್ಪನ ತಲೆಗೆ ಹೊಕ್ಕಿದ್ದೇ ತಡ, "ಜಾಗ ಬಯಲಾಗಿರ್ಬೇಕು ಕಣ್ರಪ್ಪಾ, ಹಳೇ ಮರ ಇದ್ರೆ ಕಂಪ್ನಿಯೋರು ಒಪ್ಪಲ್ಲ" ಎಂದು ಮನೆಮನೆಗೂ ಸಾರಿದ. ಕಂಪನಿಯವರು ಹಾಗೆ ಹೇಳಿದ್ದರೋ ಇಲ್ಲವೋ ದೇವರೇ ಬಲ್ಲ. ಬದುಗಳ ಮೇಲಿದ್ದ ಹಲಸಿನ ಮರಗಳು ಒಂದೊಂದಾಗಿ ಸಾಮಿಲ್ಲಿಗೆ ಹೋದವು. ಮೊದಲು ಹೋದದ್ದು ಅವನ ಹೊಲದವೇ, ಊರಿಗೆ ಮಾದರಿಯಾಗಲಿ ಅಂತ. ಕಾಡು ಬೆಳೆಸಲು ಮರ ಕಡಿಸಿದ ಇಂಥ ಪುಣ್ಯಾತ್ಮ ಇನ್ನೆಲ್ಲಾದರೂ ಹುಟ್ಟಿದ್ದಾನೋ ಕಾಣೆ.

ನಮ್ಮದೂ ಒಂದು ಹಲಸು ಇತ್ತು, ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವಿನ ಬದುವಿನ ಮೇಲೆ. ಅದಕ್ಕಾಗಿ ದಿನಾ ಬಂದು ಅವ್ವನ ತಲೆ ತಿನ್ನುತ್ತಿದ್ದ. "ಅತ್ತಿಗೆ, ನಿಮ್ಮೊಂದು ಮರದಿಂದ ಊರ ಸ್ಕೀಮೇ ಕೆಟ್ಟೋಯ್ತದೆ." ಊರೆಲ್ಲ ಒಪ್ಪಿರುವಾಗ ನಾವೊಬ್ಬರೇ ಅಡ್ಡವೇಕೆ ಎಂದು ಅವ್ವ ಅರೆಮನಸ್ಸಿನಲ್ಲಿ ಹೂಂ ಅಂದುಬಿಟ್ಟಳು. ಗರಗಸದವರು ಮಾರನೆಯ ದಿನ ಬರುವುದೆಂದಾಯಿತು.

ಅವ್ವ ಹೂಂ ಅಂದ ದಿನವೇ ಅವನ ಹೊಲದಲ್ಲಿ ಗಿಡ ನೆಡುವ ಕಾರ್ಯಕ್ರಮ. ಬೆಂಗಳೂರಿನಿಂದ ಬಂದ ದೊಡ್ಡ ಮನುಷ್ಯರ ಬೂಟಿಗೆ ಮಣ್ಣಾದೀತೆಂದು ಚಿಕ್ಕಪ್ಪ ಜಮಖಾನ ಹಾಸಿದ್ದ. ಅವರು ಫೋಟೊ ತೆಗೆಸಿಕೊಂಡು ಕಾರು ಹತ್ತಿದ ಮೇಲೆ, ಸಸಿಗಳ ಬೇರಿಗೆ ಪ್ಲಾಸ್ಟಿಕ್ ಕವರು ಹಾಗೇ ಇದೆಯಲ್ಲಾ ಎಂದು ಬಿಚ್ಚಲು ಬಗ್ಗಿದೆ. ಚಿಕ್ಕಪ್ಪ ಓಡಿ ಬಂದು ಕೈ ಹಿಡಿದ.

"ಲೇ, ಬಿಚ್ಬೇಡ ಕಣೋ! ನಾಳೆ ಇವನ್ನೇ ನಲ್ಲೂರಲ್ಲಿ ನೆಡ್ಬೇಕು."

ಥೂ, ಇವನ ಜನ್ಮಕ್ಕಿಷ್ಟು! ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲೂ ಇಲ್ಲ. "ಅವನು ಹೂಂ ಅಂದಿದ್ಕೆ ನಾವು ಊಹೂಂ ಅಂದ್ರೆ ಯಾವತ್ತೂ ತಪ್ಪಾಗಲ್ಲ ಕಣಪ್ಪಾ" ಅಂದಳು. ಮಾರನೆಯ ಬೆಳಿಗ್ಗೆ ಮರದ ಬುಡದಲ್ಲಿ ಹೋಗಿ ಕೂತಳು. ಗರಗಸದವರು ಅವಳ ಮುಖ ನೋಡಿಯೇ ವಾಪಸಾದರು.

ಕಂಪನಿ ಆಮೇಲೆ ಇತ್ತ ತಲೆ ಹಾಕಲಿಲ್ಲ. ಚಿಕ್ಕಪ್ಪನ ಹೊಲ ಬೋಳಾಗಿಯೇ ಉಳಿಯಿತು. ಹೋದ ಬೇಸಿಗೆಯಲ್ಲಿ ಕಾಯಿಲೆ ಬಿದ್ದವನು, ಶೀಟಿನ ಮನೆಯ ಕಾವು ತಡೆಯಲಾರದೆ ಕುರ್ಚಿ ಎಳೆದುಕೊಂಡು ದಿನವೂ ನಮ್ಮ ಹಲಸಿನ ಕೆಳಗೇ ಬಂದು ಕೂರುತ್ತಿದ್ದ. ಒಂದು ಮಧ್ಯಾಹ್ನ ಮೇಲೆ ನೋಡುತ್ತಾ ನನಗೇ ಬುದ್ಧಿ ಹೇಳಿದ.

"ಏನ್ ನೆಳ್ಳು ಕಣ್ಲಾ ಇದು! ಯಾರ್ ಏನೇ ಅನ್ಲಿ, ಈ ಮರ ಮಾತ್ರ ಕಡಿಬೇಡ."

ಮೈಯೆಲ್ಲ ಉರಿದುಹೋಯಿತು. ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲೇ ಕೂತಿದ್ದ ಅವ್ವ, ಬಿಡಿಸುತ್ತಿದ್ದ ಹಲಸಿನ ತೊಳೆಯನ್ನು ಮೊದಲು ಅವನ ಕೈಗೇ ಇಟ್ಟಳು.

ಆ ಹಣ್ಣಿನ ಕಾಲ ಮುಗಿಯುವ ಮೊದಲೇ ಚಿಕ್ಕಪ್ಪ ಹೋಗಿಬಿಟ್ಟ. ತಿಥಿಗೆ ಬಂದ ನೆಂಟರನ್ನೆಲ್ಲ ನಮ್ಮ ಮರದ ಕೆಳಗೇ ಊಟಕ್ಕೆ ಕೂರಿಸಿದೆವು. ಊರಲ್ಲಿ ಬೇರೆ ನೆರಳಿರಲಿಲ್ಲ.