ನಾಲ್ಕು ದೇಶ ಹೊಸೆಯುವ ಹಗ್ಗದತ್ತೆ

ಕೋಳಿಗಿಂತ ಮೊದಲು ಏಳುವವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಸೂರ್ಯ, ಇನ್ನೊಬ್ಬರು ಹಗ್ಗದತ್ತೆ. ಅವರಲ್ಲೂ ಸೂರ್ಯ ಆಗಾಗ ಮೋಡದ ನೆಪ ಹೇಳಿ ರಜೆ ಹಾಕುವುದುಂಟು. ಅತ್ತೆ ಹಾಕಿದ್ದನ್ನು ಕಂಡವರಿಲ್ಲ.

ಬೆಳಕು ಹರಿಯುವ ಹೊತ್ತಿಗೆ ತಗಡಿನ ಸೂರಿನ ಉದ್ದನೆಯ ಶೆಡ್ಡಿನಲ್ಲಿ ಅವರು ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ಎರಡೂ ಕೈಗಳಿಂದ ನಾರು ಬಿಡುತ್ತ, ಹಿಂದೆ ಹಿಂದೆ ನಡೆಯುತ್ತಿದ್ದಾರೆ. ಆ ತುದಿಯಲ್ಲಿ ಗಂಡ ಸ್ಟೂಲಿನ ಮೇಲೆ ಕೂತು ರಾಟೆ ತಿರುಗಿಸುತ್ತಿದ್ದಾರೆ. ರಾಟೆ ತಿರುಗಿದಂತೆ ನಾರು ಹುರಿಯಾಗುತ್ತದೆ, ಹುರಿ ಬೆಳೆದಂತೆ ಅತ್ತೆ ದೂರವಾಗುತ್ತಾರೆ. ಹೀಗೆ ಹಿಂದಕ್ಕೆ ನಡೆದೇ ಅವರು ಭೂಮಿಯನ್ನು ಎರಡು ಸುತ್ತು ಬಂದಿದ್ದಾರೆಂದು ನನ್ನ ಲೆಕ್ಕ. ಮೂರು ಎಂದೇ ಬರೆದಿದ್ದೆ. ನೀವು ನಂಬುವುದಿಲ್ಲವೆಂದು ಒಂದನ್ನು ಹೊಡೆದುಹಾಕಿದ್ದೇನೆ.

"ಮದುವೆ ಆದಾಗಿನಿಂದ ನೋಡ್ತಾ ಇದೀನಿ, ನನ್ನಿಂದ ದೂರ ದೂರಾನೇ ಹೋಗ್ತಾ ಇದಾಳೆ" ಎಂದು ಗಂಡ ನನ್ನ ಕಿವಿಯಲ್ಲಿ ದೂರುತ್ತಾರೆ. ಅವರ ಪಿಸುಮಾತು ನಾಲ್ಕು ಬೀದಿಗೆ ಕೇಳಿಸುವಂಥದ್ದು.

"ಹೋದ್ರೂ ಮುಖ ನಿಮ್ಮ ಕಡೆಗೇ ಇರತ್ತಲ್ರೀ. ಸುಮ್ನೆ ತಿರುಗಿಸಿ!"

ನಾಲ್ಕು ನೆರೆ ದೇಶಗಳ ಕ್ರೀಡಾಕೂಟ ಈ ವಾರ ಶುರುವಾಗಲಿದೆ. ಓಟಗಾರರ ಫೋಟೋಗಳು ಗೋಡೆ ಗೋಡೆಯ ಮೇಲಿವೆ. ಕೂಟದ ಕೊನೆಯ ಆಟ ಹಗ್ಗಜಗ್ಗಾಟ, ಅದಿಲ್ಲದೆ ಕೂಟ ಮುಗಿಯುವುದಿಲ್ಲ. ಆ ಹಗ್ಗ ಎಲ್ಲಿಂದ ಬರುತ್ತದೆಂದು ಕೇಳಿದವರಿಲ್ಲ. ಇಷ್ಟು ವರ್ಷ ಕ್ರೀಡಾಪುಟದಲ್ಲಿ ಬೆಟ್ಟದಷ್ಟು ಬರೆದ ನಾನೂ ಕೇಳಿರಲಿಲ್ಲ.

ಮೊದಲನೆಯ ಕೂಟದಲ್ಲಿ ಸೋತವರೆಲ್ಲ ಆತಿಥೇಯರ ಹಗ್ಗವನ್ನೇ ಬೈದರಂತೆ. ಎಣ್ಣೆ ಸವರಿದ್ದಾರೆ, ನಮ್ಮ ಕಡೆ ಮಾತ್ರ ಜಾರುತ್ತದೆ ಎಂದು ಗಲಾಟೆ. ಎರಡನೆಯ ಕೂಟಕ್ಕೆ ನಾಲ್ಕು ದೇಶದವರೂ ತಂತಮ್ಮ ಹಗ್ಗ ಹೊತ್ತು ತಂದರು. ಯಾವ ಹಗ್ಗ ಎಳೆಯಬೇಕೆಂಬ ಜಗಳದಲ್ಲೇ ಕತ್ತಲಾಗಿ, ಎಲ್ಲರೂ ಹಗ್ಗ ಸುತ್ತಿಕೊಂಡು ಮನೆಗೆ ಹೋದರು. ಮುಂದಿನ ಕೂಟದ ಸಭೆಯಲ್ಲಿ, ಇದೇ ಶೆಡ್ಡಿನಲ್ಲಿ ಹಗ್ಗ ಹೊಸೆಯುತ್ತಿದ್ದ ಅತ್ತೆಯ ಗಂಡನ ಅಜ್ಜ ಎದ್ದು ನಿಂತು, "ಯಾರೂ ಹಗ್ಗ ತರಬೇಡಿ, ನಾರು ಕಳಿಸಿ. ನಾಲ್ಕೂ ಸೇರಿಸಿ ನಾನು ಒಂದು ಹೊಸೆದು ಕೊಡ್ತೀನಿ. ಆಮೇಲೆ ಯಾರು ಯಾರನ್ನ ಬೈತೀರೋ ನೋಡೋಣ" ಎಂದರಂತೆ. ಅಂದಿನಿಂದ ಕೂಟ ಯಾವ ದೇಶದಲ್ಲೇ ನಡೆಯಲಿ, ದೇಶಕ್ಕೊಂದು ಎಳೆಯಂತೆ ನಾಲ್ಕೆಳೆಯ ಹಗ್ಗ ಹೋಗುವುದು ಈ ಶೆಡ್ಡಿನಿಂದಲೇ.

ನಡುವೆ ಯಾವುದೋ ಗಡಿಕಲ್ಲಿನ ಜಗಳಕ್ಕೆ ಹೊಳೆಯಾಚೆಯ ದೇಶದವರು ಮುನಿಸಿಕೊಂಡು ಮೂರು ಕೂಟಗಳಿಗೆ ಬರಲೇ ಇಲ್ಲ. ಮೂರು ಸಲವೂ ಅತ್ತೆ ಮೂರೇ ಎಳೆಯ ಹಗ್ಗ ಹೊಸೆದರು. "ಎಳೆದಾಟಕ್ಕೇನೂ ಕಮ್ಮಿ ಆಗ್ಲಿಲ್ಲ. ಆದ್ರೆ ಕೈಗೆ ಗೊತ್ತಾಗ್ತಿತ್ತು. ಊಟಕ್ಕೆ ಕೂತಾಗ ಮನೇಲಿ ಒಬ್ರು ಇಲ್ದೇ ಇದ್ರೆ ಗೊತ್ತಾಗಲ್ವಾ, ಹಾಗೆ."

ಈ ಸಲ ಅವರು ಬರುತ್ತಿದ್ದಾರೆ. ಅವರ ನಾರು ಮಾತ್ರ ಬಂದಿಲ್ಲ. ಮೂರು ಎಳೆ ಸಿದ್ಧವಾಗಿ ಗೋಡೆಯ ಕೊಕ್ಕೆಗೆ ನೇತಾಡುತ್ತಿವೆ. ಕೂಟದ ಮೇಲ್ವಿಚಾರಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ: ಸಂಜೆ ಗಾಡಿ ಬರುತ್ತದೆ, ನಾಲ್ಕೆಳೆಯ ಹಗ್ಗವಿದ್ದರೆ ಸರಿ, ಇಲ್ಲದಿದ್ದರೆ ಅಂಗಡಿಯ ನೈಲಾನ್ ಹಗ್ಗ. ಒಮ್ಮೆ ನೈಲಾನ್ ಒಳಗೆ ಬಂದರೆ ಮತ್ತೆ ಯಾರೂ ಈ ಶೆಡ್ಡಿನ ಬಾಗಿಲು ತಟ್ಟುವುದಿಲ್ಲವೆಂದು ಅತ್ತೆಗೆ ಗೊತ್ತು. ಮೂರು ಲೋಟ ಚಹಾ ಕುಡಿದರೂ ಅವರ ಕಣ್ಣು ಬಾಗಿಲ ಮೇಲೇ ಇದೆ.

ತಿಂಡಿ ಮುಗಿಯುವಷ್ಟರಲ್ಲಿ ಗಡಿ ದಾಟಿ ಬಂದ ಬಸ್ಸಿನಿಂದ ಅತ್ತೆಯ ಸೊಸೆ ಗೋಣಿಚೀಲವೊಂದನ್ನು ಇಳಿಸಿ ತರುತ್ತಾಳೆ. ಅತ್ತೆ ಹೊಲಿಗೆ ಬಿಚ್ಚುತ್ತಾರೆ. ಒಳಗಿರುವುದು ನಾರಲ್ಲ. ಹೊಸೆದು, ತಿಕ್ಕಿ, ತುದಿಗೆ ಕೆಂಪು ದಾರ ಸುತ್ತಿದ ಹಗ್ಗ! ಹಳೆಯ ಪದ್ಧತಿ ಬಲ್ಲವರು ಅಲ್ಲಿ ಯಾರೂ ಉಳಿದಿಲ್ಲವೇನೋ. ಇಷ್ಟು ವರ್ಷದ ಮೇಲೆ ಹೋಗುತ್ತಿದ್ದೇವೆ, ಬರೀ ನಾರು ಕಳಿಸುವುದೇ ಎಂದು ಇದ್ದುದರಲ್ಲೇ ಅತಿ ಚಂದದ್ದನ್ನು ಕಳಿಸಿದ್ದಾರೆ. ಅದೂ ನಮ್ಮದಕ್ಕೆ ಉಲ್ಟಾ, ಎಡಕ್ಕೆ ಹೊಸೆದದ್ದು. ಬಲಕ್ಕೆ ತಿರುಗುವ ಮೂರರ ಜೊತೆ ಎಡಕ್ಕೆ ತಿರುಗುವ ಒಂದನ್ನು ಸೇರಿಸಿದರೆ ಒಂದನ್ನೊಂದು ಬಿಚ್ಚಿಕೊಳ್ಳುತ್ತವೆ.

"ಜಗಳ ಇನ್ನೂ ಮುಗಿದಿಲ್ಲ ಅನ್ಸತ್ತೆ" ಎಂದು ಗಂಡ ನಗುತ್ತಾರೆ.

ಅತ್ತೆ ನಗುವುದಿಲ್ಲ. ಹಗ್ಗವನ್ನು ಮಡಿಲಲ್ಲಿ ಹಾಕಿಕೊಂಡು ಮಗುವಿನ ಬೆನ್ನು ಸವರಿದಂತೆ ಸವರುತ್ತಾರೆ. "ಏನ್ ಕೈ ಕಣೇ ಇದು" ಎನ್ನುತ್ತಾರೆ ಸೊಸೆಗೆ. "ಎಲ್ಲಾದ್ರೂ ಒಂದು ಗಂಟಿದ್ರೆ ತೋರಿಸು ನೋಡೋಣ. ಇದನ್ನ ಬಿಚ್ಚೋಕೆ ಮನಸ್ಸು ಬರಲ್ಲ."

"ಹಾಗಾದ್ರೆ ನೈಲಾನ್ ಬರ್ಲಿ ಬಿಡಿ, ಅತ್ತೆ."

"ನಾಲಿಗೆ ಕಚ್ಕೋ! ರೀ, ಇದು ಬಿಚ್ಚೋ ಕಡೆಗೆ ರಾಟೆ ತಿರುಗಿಸಿ."

ಮುಂದೆ ನಡೆದದ್ದು ಯಾವ ಕ್ರೀಡಾಕೂಟದಲ್ಲೂ ನಡೆದಿಲ್ಲವೆಂದು ನಾನು ಎದೆ ತಟ್ಟಿ ಹೇಳಬಲ್ಲೆ. ಹೊಸೆದರೆ ಹಗ್ಗ ಗಿಡ್ಡವಾಗುತ್ತದೆ, ಬಿಚ್ಚಿದರೆ ಉದ್ದ. ಬಿಚ್ಚಿದಂತೆಲ್ಲ ಅತ್ತೆ ಹಿಂದೆ ಸರಿದು, ಬಾಗಿಲು ದಾಟಿ, ಬೀದಿ ದಾಟಿ, ಎದುರಿನ ಕ್ಷೌರದಂಗಡಿಯ ಕುರ್ಚಿಗೇ ಹೋಗಿ ತಾಗುತ್ತಾರೆ. ಅರ್ಧ ಗಡ್ಡದ ಗಿರಾಕಿ ನೊರೆಮುಖದಲ್ಲೇ ಎದ್ದು ದಾರಿ ಬಿಡುತ್ತಾನೆ. ಸೈಕಲ್ಲುಗಳು ನಿಲ್ಲುತ್ತವೆ. ಲಾರಿಯೊಂದು ಹಾರ್ನ್ ಹೊಡೆದಾಗ ಸೊಸೆ ಕೂಗುತ್ತಾಳೆ: "ಸ್ವಲ್ಪ ತಡೀರಿ ಅಣ್ಣಾ, ದೇಶ ಬಿಚ್ತಾ ಇದೀವಿ!" ಲಾರಿಯವನಿಗೆ ಏನು ಅರ್ಥವಾಯಿತೋ, ಎಂಜಿನ್ ಆರಿಸಿ ಇಳಿದು ತಾನೂ ಒಂದು ಕೈ ಹಿಡಿಯುತ್ತಾನೆ.

ಮಧ್ಯಾಹ್ನದ ಊಟ ಯಾರಿಗೂ ನೆನಪಾಗುವುದಿಲ್ಲ. ಬಿಚ್ಚಿದ ಹುರಿಗಳನ್ನು ನೀರು ಚಿಮುಕಿಸಿ, ಬಾಚಿ, ಬಲಕ್ಕೆ ಹೊಸೆದು ನಾಲ್ಕನೆಯ ಎಳೆ ಮಾಡುತ್ತಾರೆ. ಆಮೇಲೆ ನಾಲ್ಕನ್ನೂ ಕೊಕ್ಕೆಗೆ ಸಿಕ್ಕಿಸಿ ಒಟ್ಟಿಗೆ ತಿರುಗಿಸಿದಾಗ, ಮೂರು ಕೂಟಗಳಿಂದ ಖಾಲಿ ಬಿದ್ದಿದ್ದ ಜಾಗಕ್ಕೆ ಅದು ತನ್ನಷ್ಟಕ್ಕೆ ತಾನೇ ಕೂತುಕೊಳ್ಳುತ್ತದೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಬೆವರು ಎನ್ನುತ್ತಾರೆ. ಇರಲಿ, ಬೆವರೇ.

ಸಂಜೆ ಗಾಡಿಯ ಜೊತೆ ಮೇಲ್ವಿಚಾರಕರು ತಾವೇ ಬರುತ್ತಾರೆ. ಹಗ್ಗವನ್ನು ತೊಲೆಗೆ ಕಟ್ಟಿ, ಅದಕ್ಕೆ ತಾವೇ ಜೋತುಬಿದ್ದು ಪರೀಕ್ಷಿಸುತ್ತಾರೆ. ಮೇಲ್ವಿಚಾರಕರ ತೂಕ ಸಾಮಾನ್ಯದ್ದಲ್ಲ. ತೊಲೆ ಕಿರ್ರೆನ್ನುತ್ತದೆ, ತಗಡು ನಡುಗುತ್ತದೆ, ಹಗ್ಗ ಮಾತ್ರ ಮಿಸುಕುವುದಿಲ್ಲ. "ಇಳೀರಿ ಸ್ವಾಮಿ, ನನ್ನ ಶೆಡ್ಡು ಬೀಳತ್ತೆ" ಎಂದು ಗಂಡ ಗೋಗರೆಯುತ್ತಾರೆ. ಮೇಲ್ವಿಚಾರಕರು ಇಳಿದು, ನೈಲಾನ್ ಸುದ್ದಿಯನ್ನೇ ಎತ್ತದೆ, ಹಗ್ಗವನ್ನು ಗಾಡಿಗೆ ಹಾಕಿಸುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ನಾನು ಕೇಳುತ್ತೇನೆ. ಸನ್ಮಾನ, ಶಾಲು ಏನಾದರೂ ಹೇಳಿಯಾರು ಎಂದು ಪೆನ್ನು ಹಿಡಿದು ಕಾಯುತ್ತೇನೆ. ಅತ್ತೆ ಅಂಗೈಗೆ ಅಂಟಿದ ನಾರನ್ನು ಒಂದೊಂದಾಗಿ ಕಿತ್ತು ತೆಗೆಯುತ್ತ ಯೋಚಿಸುತ್ತಾರೆ.

"ಆ ಎಡಗೈ ಹಗ್ಗ ಹೊಸೆದವರು ಯಾರೋ, ಅವರನ್ನ ಕರೆಸೋಕೆ ಆಗತ್ತಾ ಕೇಳಿ. ನಿಮ್ಮದನ್ನ ಬಿಚ್ಚಿದ್ದು ನಾನೇ ಅಂತ ಬಾಯಿಬಿಟ್ಟು ಹೇಳಬೇಕು. ಆಟದ ದಿನ ಪಕ್ಕದಲ್ಲೇ ಕೂರಿಸ್ಕೋತೀನಿ. ಬೇರೆಯವರೆಲ್ಲ ಯಾರು ಗೆಲ್ತಾರೆ ಅಂತ ನೋಡ್ಲಿ. ನಾವಿಬ್ಬರೂ ಹಗ್ಗ ನೋಡ್ತೀವಿ."